ಅರವತ್ತಕ್ಕೆ ಅರಳುಮರಳು ಅನ್ನೋದು ನಿಜಾನಾ? – ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ, ನಂಗೀಗ 66, ಹೈಸ್ಕೂಲ್ ಟೀಚರ್ ಆಗಿದ್ದೆ, ರಿಟೈರ್ಡ್. ಸಂತೇಲಿ ಹಳೇ ಸ್ಟೂಡೆಂಟ್ಸ್ ಸಿಕ್ಕಿ ಮಾತಾಡಿಸ್ತಾರೆ, ಯಾವ ಬೆಂಚಲ್ಲಿ ಕೂರ್ತಿದ್ದ, ಅವರಪ್ಪ ಏನ್ ಕೆಲ್ಸ ಮಾಡ್ತಿದ್ರು ಎಲ್ಲಾ ನೆನಪಿಗೆ ಬರುತ್ತೆ, ಹೆಸರು ಮಾತ್ರ ಬರಲ್ಲ. ಮನೆಗೆ ಬಂದು ಪಾತ್ರೆ ತೊಳೀವಾಗ ತಟ್ಟಂತ ಹೊಳೆಯುತ್ತೆ! ಮಗ ಹೆದರ್ಕೊಂಡು ಮೊಬೈಲಿಗೆ ಬ್ರೇನ್ ಗೇಮ್ ಆಪ್ ಹಾಕ್ಕೊಟ್ಟಿದಾನೆ, ವರ್ಷಾವರ್ಷ ದುಡ್ಡು ಕಟ್ಬೇಕಂತೆ. ಕಟ್ಲಾ ಬೇಡ್ವಾ?
– ನಿವೃತ್ತ ಶಿಕ್ಷಕಿ, ಚಿತ್ರದುರ್ಗ

ಉತ್ತರ: ಟೀಚರ್, ಪಾತ್ರೆ ತೊಳೀವಾಗ ಹೊಳೀತು ಅಂದ್ರಲ್ಲ, ಅರ್ಧ ಉತ್ತರ ನೀವೇ ಬರ್ದಿದೀರ. ಹೆಸರು ಅಳಿಸಿಹೋಗಿಲ್ಲ, ಹುಡುಕೋಕೆ ಟೈಮ್ ಹಿಡೀತಿದೆ ಅಷ್ಟೇ. ವಯಸ್ಸಾದಂಗೆ ಮೆದುಳಿನ ಕೆಲಸದ ಸ್ಪೀಡ್ ಇಳಿಯುತ್ತೆ, ಹೊಸ ನೆನಪು ಕೂಡಿಡೋ ಹಿಪ್ಪೋಕ್ಯಾಂಪಸ್ ಅನ್ನೋ ಭಾಗ ವರ್ಷಕ್ಕೆ ಶೇಕಡಾ ಒಂದೆರಡರಷ್ಟು ಸಣ್ಣ ಆಗ್ತಾ ಹೋಗುತ್ತೆ, ಒಂದೇ ಸಲಕ್ಕೆ ಎರಡು ಕಡೆ ಗಮನ ಕೊಡೋದು ಕಷ್ಟ ಆಗುತ್ತೆ. ಅದ್ರಲ್ಲೂ ಹೆಸರುಗಳ ಕಥೆನೇ ಬೇರೆ, ಬೆಂಚು, ಅಪ್ಪನ ಕೆಲಸ ಇವೆಲ್ಲ ಒಂದಕ್ಕೊಂದು ಕೊಂಡಿ ಹಾಕ್ಕೊಂಡಿರುತ್ವೆ, ಹೆಸರಿಗೆ ಆ ಥರ ಕೊಂಡಿ ಇರಲ್ಲ, ಅದಕ್ಕೇ ಮೊದ್ಲು ಕೈಕೊಡೋದು ಅದೇ. ಆದ್ರೆ ನಿಮ್ಮ ಪದಸಂಪತ್ತು, ಲೋಕಜ್ಞಾನ ಅರವತ್ತು ದಾಟಿದ್ರೂ ಗಟ್ಟಿಯಾಗೇ ಇರುತ್ತೆ, ಇಪ್ಪತ್ತೈದರ ಹುಡುಗರಿಗಿಂತ ಚೆನ್ನಾಗೇ ಇರುತ್ತೆ. ಅರಳುಮರಳು ಅಂತ ಗಾದೆ ಮಾಡಿದೋರು ಇದನ್ನ ಲೆಕ್ಕಕ್ಕೇ ತಗೊಂಡಿಲ್ಲ.

ಈಗ ಆಪ್ ವಿಷಯ. ಈ ಬಗ್ಗೆ ನಡೆದ ದೊಡ್ಡ ಅಧ್ಯಯನ ಅಂದ್ರೆ ಅಮೆರಿಕದ ಆಕ್ಟಿವ್, 65 ದಾಟಿದ 2,832 ಜನರನ್ನ ಗುಂಪು ಮಾಡಿ ಒಂದು ಗುಂಪಿಗೆ ನೆನಪಿನ ಉಪಾಯಗಳು, ಇನ್ನೊಂದಕ್ಕೆ ತರ್ಕ, ಮತ್ತೊಂದಕ್ಕೆ ಕಂಪ್ಯೂಟರ್ ಮುಂದೆ ಕೂರಿಸಿ ಕಣ್ಣು-ಗಮನ ಚುರುಕು ಮಾಡೋ ಸ್ಪೀಡ್ ತರಬೇತಿ ಕೊಟ್ರು, ನಾಲ್ಕನೇ ಗುಂಪಿಗೆ ಏನೂ ಇಲ್ಲ. ತರಬೇತಿ ಪಡೆದೋರಿಗೆ ಮೊದಲಿಗೆ ತಲಾ ಹತ್ತು ಕ್ಲಾಸು, ಒಂದೊಂದು ಗಂಟೆ ಚಿಲ್ಲರೆ. ಯಾವುದನ್ನ ಕಲಿಸಿದ್ರೋ ಅದರಲ್ಲಿ ಚುರುಕಾದ್ರು. 2014ರಲ್ಲಿ ಹತ್ತು ವರ್ಷದ ಲೆಕ್ಕ ಬಂತು ನೋಡಿ, ತರ್ಕ ಮತ್ತೆ ಸ್ಪೀಡ್ ಗುಂಪಿನವರಲ್ಲಿ ಲಾಭ ಇನ್ನೂ ಉಳಿದಿತ್ತು, ನೆನಪಿನ ಗುಂಪಿನವರದ್ದು ಕರಗಿಹೋಗಿತ್ತು! ಆದ್ರೂ ಮೂರೂ ಗುಂಪಿನವರು ಅಡುಗೆ, ಮಾತ್ರೆ, ದುಡ್ಡಿನ ಲೆಕ್ಕ ಇಂಥ ದಿನದ ಕೆಲಸಗಳಲ್ಲಿ ತಮಗೆ ಕಷ್ಟ ಕಡಿಮೆ ಅಂತ ಹೇಳಿದ್ರು. ಸ್ಪೀಡ್ ಗುಂಪಲ್ಲಿ ಡಿಮೆನ್ಷಿಯ (ನೆನಪು, ಬುದ್ಧಿ ಕುಗ್ತಾ ಹೋಗೋ ಕಾಯಿಲೆ) ಕಡಿಮೆ ಕಂಡಿದೆ ಅಂತ 2017ರಲ್ಲಿ ಒಂದು ವಿಶ್ಲೇಷಣೆನೂ ಬಂತು, ಅದರ ಬಗ್ಗೆ ಚರ್ಚೆ ಇದೆ. ಅಂದ್ರೆ ತರಬೇತಿ ಸುಳ್ಳಲ್ಲ, ಆದ್ರೆ ಮೊಬೈಲಲ್ಲಿ ಹಣ್ಣು ಜೋಡಿಸೋದ್ರಲ್ಲಿ ಪಂಟರಾದ್ರೆ ಸಂತೇಲಿ ಸಿಕ್ಕ ಹುಡುಗನ ಹೆಸರು ಬರುತ್ತೆ ಅನ್ನೋಕೆ ಆಧಾರ ಇಲ್ಲ. ಹಾಗೆಲ್ಲ ಜಾಹೀರಾತು ಕೊಟ್ಟಿದ್ದಕ್ಕೇ ಲ್ಯೂಮಾಸಿಟಿ ಅನ್ನೋ ಬ್ರೇನ್ ಗೇಮ್ ಕಂಪನಿ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ಕಟ್ಟಬೇಕಾಯ್ತು.

ಖುಷಿಗೆ ಆಡೋದಾದ್ರೆ ಫ್ರೀ ಇರೋದನ್ನ ಆಡಿ, ದುಡ್ಡು ಕಟ್ಬೇಡಿ. ನನ್ನ ಕೇಳಿದ್ರೆ, ಗೊತ್ತಿಲ್ಲದ ಏನಾದ್ರೂ ಕಲೀರಿ, ಸ್ವಲ್ಪ ತಲೆ ಬಿಸಿ ಆಗೋ ಅಂಥದ್ದು. ಡಲ್ಲಾಸ್‌ನಲ್ಲಿ ವಯಸ್ಸಾದೋರಿಗೆ ವಾರಕ್ಕೆ ಸುಮಾರು 15 ಗಂಟೆ ಹಂಗೆ ಮೂರು ತಿಂಗಳು ಡಿಜಿಟಲ್ ಫೋಟೋಗ್ರಫಿ ಕಲಿಸಿದ್ರು, ಅವರ ನೆನಪು ಸುಧಾರಿಸ್ತು, ಸುಮ್ನೆ ಸೇರಿ ಹರಟೆ ಹೊಡೆದ ಗುಂಪಿಗೆ ಅಷ್ಟು ಲಾಭ ಆಗ್ಲಿಲ್ಲ. ನಲವತ್ತು ವರ್ಷದಿಂದ ಗೊತ್ತಿರೋ ಪದಬಂಧನೇ ದಿನಾ ತುಂಬೋದು ಇದಕ್ಕೆ ಸಾಟಿ ಅಲ್ಲ (ಪದಬಂಧದವರು ಬೇಜಾರು ಮಾಡ್ಕೋಬೇಡಿ, ನಾನೂ ತುಂಬ್ತೀನಿ). ಹಾಗೇ ವಾಕಿಂಗ್. 2011ರ ಒಂದು ಅಧ್ಯಯನದಲ್ಲಿ ವಾರಕ್ಕೆ ಮೂರು ದಿನ 40 ನಿಮಿಷ ಬಿರುಸಾಗಿ ನಡೆದವರ ಹಿಪ್ಪೋಕ್ಯಾಂಪಸ್ ಒಂದು ವರ್ಷಕ್ಕೆ ಶೇಕಡಾ 2ರಷ್ಟು ದೊಡ್ಡದಾಯ್ತು, ಬರೀ ಮೈ ಸ್ಟ್ರೆಚ್ ಮಾಡ್ಕೊಂಡಿದ್ದೋರದ್ದು ಇಳೀತು. ಕಿವಿ ಮಂದ ಆಗಿದ್ರೆ ಅದನ್ನೂ ತೋರಿಸ್ಕೊಳ್ಳಿ, ಸರಿಯಾಗಿ ಕೇಳಿಸ್ಕೊಳ್ದೆ ಇದ್ದ ಹೆಸರು ನೆನಪಲ್ಲಿ ಕೂರೋದಾದ್ರೂ ಹೆಂಗೆ?

ಪ್ರಶ್ನೆ: ಸರ್, ನಮ್ಮ ಅಪ್ಪಾರಿಗೆ 74 ರೀ. ಊಟ ಆದ ಹತ್ತು ನಿಮಿಷಕ್ಕ ಊಟ ಆತೇನು ಅಂತ ಕೇಳ್ತಾರ, ಮತ್ತ ಮತ್ತ ಅದನ್ನ ಕೇಳ್ತಾರ. ಹೋದ ತಿಂಗಳು ಗುಡಿಯಿಂದ ಬರೂ ಮುಂದ ದಾರಿ ತಪ್ಪಿದ್ರು, ಮೂವತ್ತ ವರ್ಷ ಓಡಾಡಿದ ದಾರಿರೀ ಅದು. ಸುಡೋಕು ಬಿಡಿಸಾಕ ಹಚ್ಚೇವಿ, ಸಿಟ್ಟಿಗೇಳ್ತಾರ.
– ಓದುಗರು, ಧಾರವಾಡ

ಉತ್ತರ: ಸುಡೋಕು ಇವತ್ತೇ ನಿಲ್ಲಿಸಿ. ಇದು ಮೇಲಿನ ಟೀಚರ್ ಥರದ ಮರೆವಲ್ಲ. ತುಂಬಾ ಪರಿಚಯದ ದಾರಿ ತಪ್ಪೋದು, ಆಗಷ್ಟೇ ಆದದ್ದು ಪೂರ್ತಿ ಹೊರಟುಹೋಗೋದು, ಇದನ್ನ ವಯಸ್ಸಿನ ಮೇಲೆ ಹಾಕಿ ಸುಮ್ನಿರಬಾರದು. ಮೊದ್ಲು ಡಾಕ್ಟರ ಹತ್ರ ಕರ್ಕೊಂಡು ಹೋಗಿ, ನಿಮ್ಮೂರಲ್ಲೇ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆಯಲ್ಲ. ಬಿ12, ಥೈರಾಯ್ಡ್ ರಕ್ತಪರೀಕ್ಷೆ ಕೇಳಿ, ಸಸ್ಯಾಹಾರಿಗಳಲ್ಲಿ, ಶುಗರ್‌ಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಳ್ಳೋರಲ್ಲಿ ಬಿ12 ಕಡಿಮೆ ಇರೋದು ಮಾಮೂಲು. ಮನೇಲಿರೋ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕ್ಕೊಂಡು ಹೋಗಿ, ನಿದ್ದೆ ಮಾತ್ರೆ, ಕೆಲವು ನೆಗಡಿ ಮಾತ್ರೆ ಕೂಡ ವಯಸ್ಸಾದೋರಿಗೆ ಮಂಕು ಕವಿಸುತ್ವೆ. ಇತ್ತೀಚೆಗೆ ಬಿದ್ದು ತಲೆಗೆ ಪೆಟ್ಟಾಗಿದ್ರೆ, ಸಣ್ಣ ಪೆಟ್ಟಾದ್ರೂ, ಅದನ್ನ ಮರೀದೆ ಹೇಳಿ. ಒಳಗೊಳಗೇ ಖಿನ್ನತೆ ಇದ್ರೂ ಹಿಂಗೇ ಕಾಣ್ಬೋದು. ಇವುಗಳಲ್ಲಿ ಎಷ್ಟೋ ವಾಸಿ ಆಗೋ ಕಾರಣಗಳು, ಅದಕ್ಕೇ ಅವಸರ ಮಾಡಿ ಅಂತಿರೋದು.

ಡಿಮೆನ್ಷಿಯ ಅಂತಲೇ ಆದ್ರೂ ಶುರುವಿನ ಹಂತದಲ್ಲಿ ಗುಂಪಲ್ಲಿ ಕೂತು ಹಾಡು, ಹಳೇ ಫೋಟೋ, ಪೇಪರ್ ಸುದ್ದಿ ಇಟ್ಕೊಂಡು ಮಾತಾಡಿಸೋ ಚಿಕಿತ್ಸೆ ಇದೆ, ಅದರಿಂದ ಸ್ವಲ್ಪ ಮಟ್ಟಿಗೆ ಉಪಯೋಗ ಇದೆ ಅಂತ ಸಾಬೀತಾಗಿದೆ. ಮನೇಲೂ ಮಾಡ್ಬೋದು. "ನಾನ್ಯಾರು ಹೇಳು ನೋಡೋಣ" ಅಂತ ಪರೀಕ್ಷೆ ಮಾತ್ರ ಬೇಡ, ಬಂದ ನೆಂಟರಿಗೂ ಹೇಳಿಡಿ. ಜೇಬಲ್ಲಿ ಒಂದು ಚೀಟಿ, ಅದ್ರಲ್ಲಿ ನಿಮ್ಮ ಫೋನ್ ನಂಬರ್ ಇರ್ಲಿ.

ಪ್ರಶ್ನೆ: ಮನೇಲಿ ಕೊಂಕಣಿ, ಅಂಗಡೀಲಿ ತುಳು, ಮೊಮ್ಮಕ್ಕಳ ಹತ್ರ ಕನ್ನಡ. ತಿಮರೆ (ಒಂದೆಲಗ) ಚಟ್ನಿ ವಾರಕ್ಕೆರಡು ಸಲ. ನಂಗೆ ಮರೆವು ಬರ್ಲಿಕ್ಕಿಲ್ಲ ಅಲ್ವಾ?
– ಗೃಹಿಣಿ, ಮಂಗಳೂರು

ಉತ್ತರ: ಚಟ್ನಿಗಿಂತ ನಿಮ್ಮ ಭಾಷೆಗಳ ಮೇಲೆ ನಂಗೆ ಭರವಸೆ ಜಾಸ್ತಿ ಅಮ್ಮಾ. ಹೈದರಾಬಾದಿನ ನಿಮ್ಸ್ ಆಸ್ಪತ್ರೇಲಿ 648 ಡಿಮೆನ್ಷಿಯ ರೋಗಿಗಳನ್ನ ನೋಡಿದಾಗ ಒಂದೇ ಭಾಷೆಯವರಿಗಿಂತ ಎರಡು, ಅದಕ್ಕಿಂತ ಜಾಸ್ತಿ ಭಾಷೆ ಆಡೋರಿಗೆ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು, ಶಾಲೆಗೇ ಹೋಗದವರಲ್ಲೂ ಹಾಗೇ ಇತ್ತು. 2013ರಲ್ಲಿ ಸುವರ್ಣಾ ಅಲ್ಲಾಡಿ ಮತ್ತವರ ತಂಡ ಪ್ರಕಟಿಸಿದ್ದು. ಗಮನಿಸಿ, ತಡ ಆಯ್ತು ಅಂದಿದಾರೆ, ಬರಲೇ ಇಲ್ಲ ಅಂದಿಲ್ಲ. ಬಿಪಿ ಎಷ್ಟಿದೆ ಅಂತ ನೀವು ಬರೀಲೇ ಇಲ್ಲ, ಅದನ್ನ ಚೆಕ್ ಮಾಡ್ಸಿ. ಚಟ್ನಿ ರುಚಿಗೆ ತಿನ್ನಿ.