ಹಿಮದ ರಸ್ತೆಯಲ್ಲಿ ಫೋರ್ ವೀಲ್ ಡ್ರೈವ್ ಗಾಡಿಯ ಡಿಫರೆನ್ಷಿಯಲ್ ಲಾಕ್ ಯಾವಾಗ ಹಾಕಬೇಕು?

ಗಾಡಿ ಹಿಮದಲ್ಲಿ ಹೂತುಕೊಂಡಾಗ ಮಾತ್ರ ಹಾಕಿ. ಸ್ಟೀರಿಂಗ್ ನೇರ ಇಟ್ಟು, ನಿಧಾನವಾಗಿ ಹೊರಬಂದ ಕೂಡಲೇ ತೆಗೆದುಬಿಡಿ.

ಡಿಫರೆನ್ಷಿಯಲ್ ಅಂದರೆ ಎಂಜಿನ್ ಬಲವನ್ನು ಚಕ್ರಗಳಿಗೆ ಹಂಚುವ ಗೇರ್ ಜೋಡಣೆ. ಮಾಮೂಲಿ ಡಿಫರೆನ್ಷಿಯಲ್ ಎಡ-ಬಲ ಎರಡೂ ಚಕ್ರಕ್ಕೆ ಸಮನಾದ ಬಲ ಕೊಡುತ್ತದೆ. ಮಂಜುಗಡ್ಡೆ ಮೇಲಿರುವ ಚಕ್ರ ತಿರುಗಲು ಚೂರೇ ಬಲ ಸಾಕು, ಹಾಗಾಗಿ ಹಿಡಿತ ಇರುವ ಇನ್ನೊಂದಕ್ಕೂ ಅಷ್ಟೇ ಚೂರು ಬಲ. ಒಂದು ಸುಮ್ನೆ ಗಿರಗಿರ ಸುತ್ತುತ್ತದೆ, ಇನ್ನೊಂದು ಅಲ್ಲಾಡುವುದಿಲ್ಲ. ಲಾಕ್ ಹಾಕಿದರೆ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಹಿಡಿತ ಇರುವ ಚಕ್ರ ಗಾಡಿಯನ್ನು ತಳ್ಳುತ್ತದೆ.

ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಉರುಳಬೇಕು, ಅಲ್ವಾ? ಲಾಕ್ ಅದಕ್ಕೆ ಬಿಡುವುದಿಲ್ಲ, ಚಕ್ರ ಜಾರುತ್ತದೆ. ಮನಾಲಿಯಿಂದ ಸೋಲಂಗ್ ಕಡೆಗಿನ ಹಿಮದ ತಿರುವುಗಳಲ್ಲಿ ಇದು ನಿಜಕ್ಕೂ ಅಪಾಯ. ಬ್ರೇಕಿಗೂ ಲಾಕ್ ನೆರವಾಗದು. ಇಳಿಜಾರಿನಲ್ಲಿ ಚಕ್ರಕ್ಕೆ ಚೈನ್ ಕಟ್ಟಿ, ಫಸ್ಟ್ ಗೇರಿನಲ್ಲಿ ಇಳಿಯಿರಿ.