ಪೈಲಟ್ ಆಗಿರುವ ಅಣ್ಣ ಮನೋವೈದ್ಯರ ಬಳಿಗೆ ಹೋದರೆ ಲೈಸೆನ್ಸ್ ಹೋಗುತ್ತದೆಯೇ?

ನಿಮ್ಮ ಅಣ್ಣ ಬೆಂಗಳೂರಿನಿಂದ ಹಾರುವ ಸಹಪೈಲಟ್, ನಾಲ್ಕು ತಿಂಗಳಿಂದ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಆದರೂ ಮನೋವೈದ್ಯರ ಬಳಿಗೆ ಹೋದರೆ ಲೈಸೆನ್ಸ್ ಹೋಗುತ್ತದೆಂದು ಹಟ ಹಿಡಿದಿದ್ದಾರೆ. ಅವರ ಮಾತು ನಿಜವೇ, ಈ ಸ್ಥಿತಿಯಲ್ಲಿ ಅವರು ಹಾರುವುದು ಸುರಕ್ಷಿತವೇ ಎಂದು ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಸುರಕ್ಷಿತವಲ್ಲ, ನಾಳೆಯ ರೋಸ್ಟರ್‌ನಲ್ಲಿ ಹೆಸರಿದ್ದರೆ ಅವರು ಇಂದೇ ಸಿಕ್ ರಿಪೋರ್ಟ್ ಮಾಡಬೇಕು. ಮೊದಲನೆಯದರ ಉತ್ತರ ಇಷ್ಟು ಚುಟುಕಾಗಿಲ್ಲ. ಹದಿನೇಳು ವರ್ಷ ವಿಮಾನ ಹಾರಿಸಿದ ನಾನು ಅದೇ ಭಯದಲ್ಲಿ ಏಳು ತಿಂಗಳು ಕಳೆದವನು.

ಲೈಸೆನ್ಸ್ ಬೇರೆ, ಮೆಡಿಕಲ್ ಬೇರೆ. ಖಿನ್ನತೆಗೆ ಚಿಕಿತ್ಸೆ ಆರಂಭವಾದಾಗ ತಡೆಬೀಳುವುದು ಮೆಡಿಕಲ್‌ಗೆ, ಅಂದರೆ ಹಾರಲು ಆರೋಗ್ಯ ಸರಿಯಿದೆ ಎನ್ನುವ ಒಂದನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರಕ್ಕೆ. ಅಲ್ಲಿ ಬರೆಯುವ ಷರಾ ‘ತಾತ್ಕಾಲಿಕವಾಗಿ ಅನರ್ಹ’. ಕಾಲು ಮುರಿದುಕೊಂಡ ಪೈಲಟ್‌ಗೂ ಇದೇ ಷರಾ. ಆದರೆ ಕಾಲು ಮುರಿದವನನ್ನು ನೋಡಲು ಸಹೋದ್ಯೋಗಿಗಳು ಹಣ್ಣು ಹಿಡಿದು ಮನೆಗೆ ಬರುತ್ತಾರೆ, ಖಿನ್ನತೆಯವನ ಸುದ್ದಿ ಕ್ರೂ ವ್ಯಾನಿನಲ್ಲಿ ಪಿಸುಮಾತಾಗುತ್ತದೆ. ಜೊತೆಗೆ ನಮ್ಮ ಸಂಬಳದ ದೊಡ್ಡ ಪಾಲು ಹಾರಿದ ಗಂಟೆಗಳ ಲೆಕ್ಕದಲ್ಲಿ ಬರುವುದರಿಂದ, ನೆಲದ ಮೇಲೆ ಕುಳಿತ ತಿಂಗಳು ವರಮಾನ ಇಳಿಯುತ್ತದೆ. ತರಬೇತಿಗೆಂದು ಮಾಡಿದ ಸಾಲದ ಕಂತು ಇಳಿಯುವುದಿಲ್ಲ. ಹಾಗಾಗಿ ನಿಮ್ಮ ಅಣ್ಣನ ಭಯವನ್ನು ಹುಸಿ ಎನ್ನಲಾರೆ.

ನನ್ನ ವಾರ್ಷಿಕ ಮೆಡಿಕಲ್ ಆ ಏಳು ತಿಂಗಳ ನಡುವೆಯೇ ಬಂತು. ಮಾನಸಿಕ ಕಾಯಿಲೆಗೆ ಎಂದಾದರೂ ಚಿಕಿತ್ಸೆ ಪಡೆದಿದ್ದೀರಾ ಎಂಬ ಪ್ರಶ್ನೆಯೆದುರು ‘ಇಲ್ಲ’ ಎಂದು ಬರೆದೆ. ಅದು ಅಕ್ಷರಶಃ ಸತ್ಯವಾಗಿತ್ತು, ಏಕೆಂದರೆ ನಾನು ವೈದ್ಯರ ಬಳಿಗೆ ಹೋಗಿರಲೇ ಇಲ್ಲ. ಮಾತ್ರೆ ನುಂಗಿದ್ದರೆ ನೆಲದ ಮೇಲಿರುತ್ತಿದ್ದೆ. ನುಂಗದ ಕಾರಣ, ಮೂರು ಗಂಟೆಯ ನಿದ್ದೆಯಲ್ಲಿ, ಕಾಗದದ ಮೇಲೆ ಪೂರ್ಣ ಅರ್ಹನಾಗಿ ಹಾರಿದೆ. ಕೊನೆಗೆ ಒಂದು ಬೆಳಿಗ್ಗೆ ದೇವನಹಳ್ಳಿಗೆ ಇಳಿಯುವಾಗ 10,000 ಅಡಿಯ ಮಟ್ಟ ಹತ್ತಿರವಾಗುತ್ತಿತ್ತು. ಅದಕ್ಕಿಂತ ಕೆಳಗೆ ವೇಗ 250 ನಾಟ್ ಮೀರಬಾರದು. ಮೀಟರನ್ನು ನೋಡುತ್ತಲೇ ಇದ್ದೆ, ಅದು ಹೇಳುತ್ತಿದ್ದುದು ಮಾತ್ರ ತಲೆಗೆ ಹೋಗಲಿಲ್ಲ. ಪಕ್ಕದ ಹುಡುಗ ಮೆಲ್ಲಗೆ “ಸರ್, ಸ್ಪೀಡ್” ಎಂದ. ಏನೂ ಆಗಲಿಲ್ಲ. ಆದರೆ ಆ ದಿನ ಪಾರ್ಕಿಂಗ್‌ನಲ್ಲಿ ಕಾರಿನ ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ ಕುಳಿತಿದ್ದೆ.

ಮರುದಿನ ಹೆಂಡತಿ ನನ್ನನ್ನು ನಿಮ್ಹಾನ್ಸ್‌ಗೆ ಕರೆದುಕೊಂಡು ಹೊರಟಳು. ಆಟೋದವರಿಗೆ ಅವಳು ಹೇಳಿದ ಜಾಗ ಕಿದ್ವಾಯಿ. ಪಕ್ಕದ ಕ್ಯಾನ್ಸರ್ ಆಸ್ಪತ್ರೆಯ ಮುಂದೆ ಇಳಿದು, ಅಲ್ಲಿಂದ ನಡೆದು ಹೋದೆವು. ನಮ್ಮ ಊರಿನಲ್ಲಿ ಕ್ಯಾನ್ಸರ್ ಎಂದರೆ ಅಯ್ಯೋ ಎನ್ನುತ್ತಾರೆ, ನಿಮ್ಹಾನ್ಸ್ ಎಂದರೆ ನಗುತ್ತಾರೆ. ಶಾಲೆಯಲ್ಲಿ ನಾವೇ ಒಬ್ಬರಿಗೊಬ್ಬರು ಹಾಗೆ ಬೈದುಕೊಂಡು ಬೆಳೆದವರು.

ಈ ವಿಷಯ ಬಂದಾಗಲೆಲ್ಲ ಜನ ಜರ್ಮನ್‌ವಿಂಗ್ಸ್ ದುರಂತವನ್ನು ಎತ್ತುತ್ತಾರೆ. 2015ರ ಮಾರ್ಚ್ 24ರಂದು ಸಹಪೈಲಟ್ ಬೇಕೆಂದೇ ವಿಮಾನವನ್ನು ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿ, ತಾನೂ ಸೇರಿ 150 ಜನರ ಸಾವಿಗೆ ಕಾರಣನಾದ. ಇಂಥದ್ದು ಅತಿ ವಿರಳ; ಖಿನ್ನತೆಯಿರುವವರೆಲ್ಲ ಅಪಾಯಕಾರಿಗಳೆಂಬ ತೀರ್ಮಾನಕ್ಕೆ ಅದನ್ನು ಬಳಸುವುದು ಅನ್ಯಾಯ. ಆದರೆ ಫ್ರಾನ್ಸ್‌ನ ತನಿಖಾ ವರದಿ ಹೇಳಿದ್ದನ್ನು ಗಮನಿಸಬೇಕು: ವೈದ್ಯರು ರಜೆ ಚೀಟಿ ಬರೆದುಕೊಟ್ಟಿದ್ದರು, ಆತ ಅದನ್ನು ಕಂಪನಿಗೆ ಕೊಡಲಿಲ್ಲ, ಹಾರುವ ಹಕ್ಕು ಹೋದರೆ ಆಗುವ ನಷ್ಟದ ಭಯ ಪೈಲಟ್‌ಗಳನ್ನು ಬಾಯಿ ಮುಚ್ಚಿಸುತ್ತದೆ ಎಂಬುದನ್ನೂ ವರದಿ ಎತ್ತಿ ಹೇಳಿತು. ಯುರೋಪಿನಲ್ಲಿ 2021ರಿಂದ ಪ್ರತಿ ವಿಮಾನಯಾನ ಸಂಸ್ಥೆಯೂ ಪೈಲಟ್‌ಗಳಿಗೆ ನೆರವಿನ ವ್ಯವಸ್ಥೆ ಇಡಬೇಕೆಂಬ ನಿಯಮ ಬಂದಿದೆ. ಅಮೆರಿಕವಂತೂ 2010ರಲ್ಲೇ ಖಿನ್ನತೆಯ ನಾಲ್ಕು ಔಷಧಗಳನ್ನು ನಿಗಾದಲ್ಲಿ ಸೇವಿಸುತ್ತ ಹಾರಲು ದಾರಿ ತೆರೆದಿತ್ತು. ಹಾಗಿದ್ದರೂ 2022ರಲ್ಲಿ ಪ್ರಕಟವಾದ ಅಲ್ಲಿನ ಸಮೀಕ್ಷೆಯೊಂದರಲ್ಲಿ ಶೇ 56ರಷ್ಟು ಪೈಲಟ್‌ಗಳು ಮೆಡಿಕಲ್ ಹೋದೀತೆಂದು ಚಿಕಿತ್ಸೆಯಿಂದ ಒಂದಲ್ಲ ಒಂದು ರೀತಿ ತಪ್ಪಿಸಿಕೊಂಡಿದ್ದಾಗಿ ಹೇಳಿದ್ದರು.

ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ 2023ರ ಸುತ್ತೋಲೆಯಲ್ಲಿ ಸಹೋದ್ಯೋಗಿಗಳೇ ನೆರವಾಗುವ ವ್ಯವಸ್ಥೆಯನ್ನು ಪ್ರೋತ್ಸಾಹಿಸಿದೆ. ಒಳ್ಳೆಯದೇ. ಆದರೆ 2025ರ ಜೂನ್ 12ರ ಅಹಮದಾಬಾದ್ ದುರಂತದ ನಂತರ, ಪ್ರಾಥಮಿಕ ವರದಿ ಯಾವ ಕಾರಣವನ್ನೂ ತೀರ್ಮಾನಿಸದಿದ್ದರೂ, ತೀರಿಹೋದ ಪೈಲಟ್‌ನ ಮನಃಸ್ಥಿತಿ ಟಿವಿಯಲ್ಲಿ ಚರ್ಚೆಗೆ ಸಿಕ್ಕಿತು. ಅದನ್ನು ನೋಡಿದ ಯಾವ ಪೈಲಟ್ ತಾನಾಗಿಯೇ ಎದ್ದು ಹೋಗಿ ನನಗೆ ನಿದ್ದೆ ಬರುತ್ತಿಲ್ಲ ಎಂದಾನು?

ಇನ್ನು ನೀವು ಮಾಡಬೇಕಾದದ್ದು. ಮೊದಲ ಹೆಜ್ಜೆಗೆ 14416, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಸಾಕು. ಉಚಿತ, ದಿನವಿಡೀ ಇರುತ್ತದೆ, ಕನ್ನಡದಲ್ಲಿ ಮಾತನಾಡಬಹುದು. ಸಾಯುವ ಮಾತೇನಾದರೂ ಅವರ ಬಾಯಲ್ಲಿ ಬಂದಿದ್ದರೆ ಫೋನಿಗೂ ಕಾಯದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರಿಗೆ ವೃತ್ತಿಯನ್ನು ಮುಚ್ಚಿಡಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಗೋಪ್ಯತೆಯನ್ನು ಕಾಪಾಡುತ್ತದೆ. ಇತರರ ಜೀವಕ್ಕೆ ಅಪಾಯವಿದ್ದಾಗ ಅದಕ್ಕೆ ವಿನಾಯಿತಿಯೂ ಇದೆ, ಅದು ಸರಿಯಾದದ್ದೇ.

ನಾನು ಹನ್ನೊಂದು ತಿಂಗಳು ನೆಲದ ಮೇಲಿದ್ದೆ. ಆಗ ಕೆಲಸದಲ್ಲಿದ್ದ ಸಂಸ್ಥೆ ಭತ್ಯೆ ನಿಲ್ಲಿಸಿತು, ಹಿರಿಯರೊಬ್ಬರು ಬೆನ್ನು ನೋವೆಂದು ಬರೆಸಿಕೊಂಡು ಬರಲಾಗಲಿಲ್ಲವೇ ಎಂದರು. ಆಮೇಲೆ ಮೆಡಿಕಲ್ ಮರಳಿ ಸಿಕ್ಕಿತು, ಮತ್ತೆ ನಾಲ್ಕು ವರ್ಷ ಹಾರಿದೆ. ಪ್ರತಿ ಭೇಟಿಯ ಚೀಟಿಯನ್ನೂ ದಿನಾಂಕದ ಸಮೇತ ಒಂದು ಫೈಲಿನಲ್ಲಿ ಜೋಡಿಸಿಡಲು ಅಣ್ಣನಿಗೆ ಹೇಳಿ. ನನ್ನ ಎರಡು ಚೀಟಿ ಕಳೆದುಹೋಗಿ, ಅವುಗಳ ನಕಲು ತರಿಸುವುದರಲ್ಲೇ ಆ ಹನ್ನೊಂದರಲ್ಲಿ ಒಂದು ತಿಂಗಳು ಹೋಯಿತು.