ಕ್ರೀಡಾ ಪ್ರಶ್ನೋತ್ತರ: ಕಪ್ ಗೆದ್ದ ವಾರವೇ ಲೀಗಿಂದ ಹೊರಬಿದ್ದ ವಿಗನ್

ಹೋದ ಸಂಚಿಕೆಯಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಅನ್ನೋ ಫುಟ್‌ಬಾಲ್ ನಾಕೌಟ್ ಟೂರ್ನಮೆಂಟ್ ಬಗ್ಗೆ ಎರಡು ಸಾಲು ಬರೆದಿದ್ದಕ್ಕೆ ಸುಮಾರು ಪತ್ರ ಬಂದಿವೆ, ಅದ್ರಲ್ಲಿ ಹೆಚ್ಚಿನವು 2012-13ರ ಸೀಸನ್ ಬಗ್ಗೇನೇ. ಹಾಗಾಗಿ ಈ ಸಲ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ವಿಗನ್ ಅಥ್ಲೆಟಿಕ್ ಅನ್ನೋ ಟೀಮು ಎಫ್‌ಎ ಕಪ್ ಗೆದ್ದ ವಾರವೇ ಪ್ರೀಮಿಯರ್ ಲೀಗಿಂದ ಹೊರಬಿತ್ತಂತೆ, ನಿಜಾನಾ? ಕಪ್ ಗೆಲ್ಲೋಷ್ಟು ತಾಕತ್ತಿರೋ ಟೀಮು ಲೀಗಲ್ಲಿ ಯಾಕೆ ಹಂಗೆ ಸೋಲುತ್ತೆ?

ನೂರಕ್ಕೆ ನೂರು ನಿಜ. 2013ರ ಮೇ 11, ಶನಿವಾರ, ಲಂಡನ್ನಿನ ವೆಂಬ್ಲಿ ಸ್ಟೇಡಿಯಮ್ಮಲ್ಲಿ ಮ್ಯಾಂಚೆಸ್ಟರ್ ಸಿಟಿನ 1-0 ಸೋಲಿಸಿ ಕಪ್ ಎತ್ತಿದ್ರು, ಮಂಗಳವಾರ ಆರ್ಸೆನಲ್ ಗ್ರೌಂಡಲ್ಲಿ 4-1 ಸೋತು ರೆಲಿಗೇಟ್ ಆದ್ರು, ಅಂದ್ರೆ ಅಲ್ಲಿನ ಟಾಪ್ ಡಿವಿಷನ್ನಾದ ಪ್ರೀಮಿಯರ್ ಲೀಗಿಂದ ಕೆಳಗಿನ ಡಿವಿಷನ್ನಿಗೆ ಇಳಿದ್ರು. ಮಧ್ಯೆ ಇದ್ದಿದ್ದು ಎರಡೇ ದಿನ. ಒಂದೇ ಸೀಸನ್ನಲ್ಲಿ ಎಫ್‌ಎ ಕಪ್ಪನ್ನೂ ಗೆದ್ದು ಟಾಪ್ ಡಿವಿಷನ್ನಿಂದ ಕೆಳಗೂ ಇಳಿದ ಮೊದಲನೇ ಟೀಮು ಇದೇ. ಫೈನಲ್ ತನಕ ಬಂದು ಸೋತು, ಅದೇ ವರ್ಷ ರೆಲಿಗೇಟ್ ಆದವರು ಮುಂಚೆನೂ ಇದ್ರು, 1983ರಲ್ಲಿ ಬ್ರೈಟನ್, 1997ರಲ್ಲಿ ಮಿಡಲ್ಸ್‌ಬ್ರೋ, 2010ರಲ್ಲಿ ಪೋರ್ಟ್ಸ್‌ಮತ್. ಆದ್ರೆ ಗೆದ್ದೂ ಇಳಿದವರು ಯಾರೂ ಇರ್ಲಿಲ್ಲ.

ಯಾಕೆ ಅನ್ನೋದಕ್ಕೆ ಒಂದು ಲೆಕ್ಕ ಕೊಡ್ತೀನಿ ನೋಡಿ. ಆ ಸೀಸನ್ ಲೀಗಲ್ಲಿ ವಿಗನ್ 38 ಮ್ಯಾಚಲ್ಲಿ 73 ಗೋಲು ಬಿಟ್ಟುಕೊಡ್ತು, ಅಂದ್ರೆ ಮ್ಯಾಚಿಗೆ ಹತ್ರ ಹತ್ರ ಎರಡು. ಅದೇ ಟೀಮು ಕಪ್ಪಲ್ಲಿ ರೀಪ್ಲೇ (ಸಮ ಆದಾಗ ಮತ್ತೆ ಆಡ್ತಿದ್ದ ಮ್ಯಾಚು) ಸೇರಿ ಏಳು ಮ್ಯಾಚ್ ಆಡಿ ಬಿಟ್ಟುಕೊಟ್ಟಿದ್ದು ಬರೀ ಎರಡು ಗೋಲು, ಅದ್ರಲ್ಲೂ ಕ್ವಾರ್ಟರ್ ಫೈನಲ್ಲಿಂದ ಮುಂದಕ್ಕೆ ಒಂದೂ ಇಲ್ಲ. ನನ್ನ ಪ್ರಕಾರ ಇದು ಲಕ್ ಅಲ್ಲ. ಮ್ಯಾನೇಜರ್ ರೊಬೆರ್ಟೊ ಮಾರ್ಟಿನೆಝ್ ಟೀಮಿಗೆ ಒಂದೊಂದು ಮ್ಯಾಚನ್ನ ಬೇರೆ ಬೇರೆಯಾಗಿ ಪ್ಲಾನ್ ಮಾಡಿ ಆಡೋ ಬುದ್ಧಿ ಇತ್ತು, ಆದ್ರೆ ಆಗಸ್ಟಿಂದ ಮೇ ತನಕ ವಾರ ವಾರ ಅದೇ ಮಟ್ಟ ಹಿಡಿದುಕೊಳ್ಳೋಕೆ ಬೇಕಾದಷ್ಟು ಆಟಗಾರರು ಇರ್ಲಿಲ್ಲ, ಡಿಫೆಂಡರ್‌ಗಳು ಒಬ್ರಾದ ಮೇಲೆ ಒಬ್ರು ಗಾಯ ಮಾಡ್ಕೊಂಡು ಕೂತ್ರು, ಅಂಥ ಟೈಮಲ್ಲಿ ದೊಡ್ಡ ಕ್ಲಬ್ಬು ಬೆಂಚಿಂದ ಇನ್ನೊಬ್ಬ ಇಂಟರ್‌ನ್ಯಾಷನಲ್ ಆಟಗಾರನ್ನ ಎಬ್ಬಿಸಿ ಕಳಿಸುತ್ತೆ, ವಿಗನ್‌ಗೆ ಅದು ಆಗ್ತಿರ್ಲಿಲ್ಲ. ಲೀಗ್ ಕೇಳೋದು ಅದನ್ನೇ. ಕೊನೆಗೆ ವಿಗನ್‌ಗೆ 36 ಪಾಯಿಂಟ್, ಉಳ್ಕೊಂಡ ಸಂಡರ್‌ಲ್ಯಾಂಡ್‌ಗೆ 39.

ಪ್ರಶ್ನೆ: ಫೈನಲ್ ತನಕ ಅವ್ರಿಗೆ ಬರೀ ಸಣ್ಣ ಟೀಮುಗಳೇ ಸಿಕ್ಕಿದ್ವು ಅಂತಾರಲ್ಲ?

ಅರ್ಧ ಸರಿ. ಮೂರನೇ ರೌಂಡಲ್ಲಿ ಆಗ ಮೂರನೇ ಡಿವಿಷನ್ನಾದ ಲೀಗ್ ಒನ್‌ನಲ್ಲಿದ್ದ ಬೋರ್ನ್‌ಮತ್ ಜೊತೆ ಮನೆ ಗ್ರೌಂಡಲ್ಲೇ 1-1, ಆಮೇಲೆ ಅವರ ಊರಿಗೆ ಹೋಗಿ ರೀಪ್ಲೇ 1-0 ಗೆದ್ದಿದ್ದು. ನಾಲ್ಕನೇ ರೌಂಡಲ್ಲಿ ಮೇಲಿನ ನಾಲ್ಕು ಡಿವಿಷನ್ನಿಂದಾನೇ ಹೊರಗಿದ್ದ ಮ್ಯಾಕಲ್ಸ್‌ಫೀಲ್ಡ್ ವಿರುದ್ಧ ಜೋರ್ಡಿ ಗೋಮೆಝ್ ಪೆನಾಲ್ಟಿ ಹೊಡೆದು 1-0. ಐದರಲ್ಲಿ ಹಡರ್ಸ್‌ಫೀಲ್ಡ್ ಮೇಲೆ 4-1. ಇಲ್ಲಿ ತನಕ ದಾರಿ ಸುಲಭ ಇತ್ತು ಅನ್ನಿ, ನಾನೂ ಒಪ್ತೀನಿ.

ಆದ್ರೆ ಕ್ವಾರ್ಟರ್ ಫೈನಲ್ ಸಿಕ್ಕಿದ್ದು ಎವರ್ಟನ್ ಜೊತೆ, ಅದೂ ಗುಡಿಸನ್ ಪಾರ್ಕಲ್ಲಿ. ಅವತ್ತು ಫಿಗೆರೋವಾ, ಮ್ಯಾಕ್‌ಮನಮನ್, ಗೋಮೆಝ್ ಮೂರು ಜನ ನಾಲ್ಕೈದು ನಿಮಿಷದೊಳಗೆ ಮೂರು ಗೋಲು ಹೊಡೆದ್ರು, ಎವರ್ಟನ್‌ನವರಿಗೆ ಏನಾಗ್ತಿದೆ ಅಂತ ಗೊತ್ತಾಗೋಷ್ಟರಲ್ಲಿ ಹಾಫ್ ಟೈಮಿಗೆ ಮುಂಚೆನೇ ಮ್ಯಾಚ್ ಮುಗಿದಿತ್ತು. ವಿಶೇಷ ಏನಂದ್ರೆ ಸೀಸನ್ ಮುಗಿದ ಮೇಲೆ ಅದೇ ಎವರ್ಟನ್ ಕ್ಲಬ್ಬು ಮಾರ್ಟಿನೆಝ್‌ನ ಕರ್ಕೊಂಡು ಹೋಗಿ ಮ್ಯಾನೇಜರ್ ಮಾಡ್ಕೊಳ್ತು. ಸೆಮಿಫೈನಲ್ಲಲ್ಲಿ ಮಿಲ್‌ವಾಲ್ ಮೇಲೆ 2-0, ಮಲೋನಿ ಮತ್ತೆ ಮ್ಯಾಕ್‌ಮನಮನ್ ಹೊಡೆದಿದ್ದು.

ಪ್ರಶ್ನೆ: ಒಟ್ಟು ಎಷ್ಟು ಟೀಮು ಆಡ್ತವೆ? ಯಾವ ಟೀಮಿಗೆ ಯಾರು ಅಂತ ಹೆಂಗೆ ತೀರ್ಮಾನ ಮಾಡ್ತಾರೆ?

ಆ ಸೀಸನ್ 700ಕ್ಕೂ ಜಾಸ್ತಿ ಕ್ಲಬ್ಬು. ಆಗಸ್ಟಲ್ಲಿ ಕೆಳಗಿನ ಮಟ್ಟದ ಕ್ಲಬ್ಬುಗಳ ಕ್ವಾಲಿಫೈಯಿಂಗ್ ಶುರು ಆಗುತ್ತೆ, ನವೆಂಬರ್ ಹೊತ್ತಿಗೆ ಲೀಗ್ ಒನ್, ಲೀಗ್ ಟೂ ಟೀಮುಗಳು ಸೇರ್ಕೊಳ್ತವೆ, ಜನವರಿಯ ಮೂರನೇ ರೌಂಡಿಗೆ ಪ್ರೀಮಿಯರ್ ಲೀಗಿನ 20 ಮತ್ತೆ ಎರಡನೇ ಡಿವಿಷನ್ನಾದ ಚಾಂಪಿಯನ್‌ಶಿಪ್ಪಿನ 24 ಟೀಮು ಬರ್ತವೆ, ಅಲ್ಲಿಗೆ 64. ಪ್ರತಿ ರೌಂಡಿಗೂ ನಂಬರ್ ಬರೆದ ಚೆಂಡುಗಳನ್ನ ಎತ್ತಿ ಜೋಡಿ ಮಾಡ್ತಾರೆ, ಮೊದಲು ಬಂದ ನಂಬರಿನವರಿಗೆ ಮನೆ ಗ್ರೌಂಡು. ದೊಡ್ಡವರನ್ನ ದೂರ ದೂರ ಇಡೋ ಸೀಡಿಂಗ್ ಇಲ್ಲವೇ ಇಲ್ಲ. ನನಗೆ ಈ ಟೂರ್ನಮೆಂಟ್ ಮೇಲೆ ಇಷ್ಟು ಪ್ರೀತಿ ಇರೋದಕ್ಕೆ ಇದೊಂದು ಮುಖ್ಯ ಕಾರಣ.

ಪ್ರಶ್ನೆ: ಆ ವರ್ಷ ಸಣ್ಣ ಟೀಮುಗಳು ದೊಡ್ಡವರನ್ನ ಹೊಡೆದುಹಾಕಿದ್ದು ಬೇರೆ ಯಾವುದಾದ್ರೂ ಇದ್ರೆ ಹೇಳಿ. ನಮ್ಮನೇಲಿ ಲೂಟನ್ ಬಗ್ಗೆ ಜಗಳಾನೇ ಆಗಿದೆ.

ಲೂಟನ್ ವಿಷಯದಲ್ಲಿ ಯಾರು ಏನಂದ್ರು ಅಂತ ನೀವು ಬರೆದಿಲ್ಲ, ಆದ್ರೂ ಪೂರ್ತಿ ಹೇಳ್ತೀನಿ. ಲೂಟನ್ ಟೌನ್ ಆಗ ಐದನೇ ಮಟ್ಟದ ಕಾನ್ಫರೆನ್ಸಲ್ಲಿ ಆಡ್ತಿದ್ದ ನಾನ್-ಲೀಗ್ ಟೀಮು, ಅಂದ್ರೆ ಮೇಲಿನ ನಾಲ್ಕು ಡಿವಿಷನ್ನಿಗೆ ಸೇರದ್ದು. ಮೂರನೇ ರೌಂಡಲ್ಲಿ ವುಲ್ವ್ಸ್‌ನ 1-0 ಸೋಲಿಸಿ, 2013ರ ಜನವರಿ 26ರಂದು ಪ್ರೀಮಿಯರ್ ಲೀಗಿನ ನಾರ್ವಿಚ್ ಸಿಟಿ ಗ್ರೌಂಡಿಗೆ ಹೋದ್ರು. ಸಬ್ (ಬದಲಿ ಆಟಗಾರ) ಆಗಿ ಬಂದಿದ್ದ ಸ್ಕಾಟ್ ರೆಂಡೆಲ್ 80ನೇ ನಿಮಿಷದಲ್ಲಿ ಹೊಡೆದ ಒಂದೇ ಗೋಲು, 1-0. 1989ರಲ್ಲಿ ಸಟನ್ ಯುನೈಟೆಡ್ ಕೊವೆಂಟ್ರಿನ ಸೋಲಿಸಿದ ಮೇಲೆ 24 ವರ್ಷ ಯಾವ ನಾನ್-ಲೀಗ್ ಟೀಮೂ ಟಾಪ್ ಡಿವಿಷನ್ ಟೀಮನ್ನ ಈ ಕಪ್ಪಲ್ಲಿ ಸೋಲಿಸಿರ್ಲಿಲ್ಲ, ಅಂಥಾ ಕೆಲಸ ಅದು. ಮುಂದಿನ ರೌಂಡಲ್ಲಿ ಮಿಲ್‌ವಾಲ್ ಕೈಲಿ 3-0 ಸೋತ್ರು ಬಿಡಿ. ಆಮೇಲೆ ಅದೇ ಲೂಟನ್ ಒಂದೊಂದೇ ಮೆಟ್ಟಿಲು ಹತ್ತಿ 2023ರಲ್ಲಿ ಪ್ಲೇಆಫ್ ಗೆದ್ದು ಪ್ರೀಮಿಯರ್ ಲೀಗಿಗೇ ಬಂತು.

ಇನ್ನು ಆ ವಾರಾಂತ್ಯದ ಕಥೆ ಕೇಳಿ. ಲೂಟನ್ ಗೆದ್ದ ದಿನವೇ ಲೀಗ್ ಒನ್‌ನ ಎಂಕೆ ಡಾನ್ಸ್, ಪ್ರೀಮಿಯರ್ ಲೀಗಿನ ಕ್ಯೂಪಿಆರ್‌ಗೆ ಅವರ ಮನೇಲೇ 4-2 ಹೊಡೀತು. ಮಾರನೇ ದಿನ ಭಾನುವಾರ ಲೀಡ್ಸ್ 2-1 ಟಾಟನ್‌ಹ್ಯಾಮ್, ಬ್ರೆಂಟ್‌ಫರ್ಡ್ ಅವತ್ತಿಗೆ ಯುರೋಪ್ ಚಾಂಪಿಯನ್ ಆಗಿದ್ದ ಚೆಲ್ಸಿ ಜೊತೆ 2-2, ಟೊರೆಸ್ ಕೊನೇಲಿ ಒಂದು ಹೊಡೀದೇ ಇದ್ದಿದ್ರೆ ಚೆಲ್ಸಿ ಅಲ್ಲೇ ಔಟು. ಇಷ್ಟು ಸಾಲ್ದು ಅಂತ ಓಲ್ಡಮ್ ಅಥ್ಲೆಟಿಕ್ 3-2 ಲಿವರ್‌ಪೂಲ್, ಅದ್ರಲ್ಲಿ ಎತ್ತರದ ಸ್ಟ್ರೈಕರ್ ಮ್ಯಾಟ್ ಸ್ಮಿತ್‌ದೇ ಎರಡು ಗೋಲು. ಆ ಸ್ಮಿತ್ ಮುಂದಿನ ರೌಂಡಲ್ಲಿ ಎವರ್ಟನ್ ವಿರುದ್ಧನೂ ಇಂಜುರಿ ಟೈಮಲ್ಲಿ (90 ನಿಮಿಷ ಮುಗಿದ ಮೇಲೆ ಕೊಡೋ ಹೆಚ್ಚುವರಿ ಟೈಮು) ಹೆಡ್ ಮಾಡಿ 2-2 ಮಾಡಿ ರೀಪ್ಲೇ ತಂದುಕೊಟ್ಟ. ಎರಡು ದಿನದಲ್ಲಿ ಇಷ್ಟೆಲ್ಲ ಆಗಿದ್ದು, ಈ ಸೀಸನ್ ಅಂದ್ರೆ ಜನ ವಿಗನ್ ಫೈನಲ್ ಮಾತ್ರ ನೆನಪಿಸ್ಕೊಳ್ತಾರೆ ಅನ್ನೋದು ನನಗೆ ಬೇಜಾರು, ಜನವರಿಯ ಆ ಎರಡು ದಿನ ಫೈನಲ್ಲಿಗಿಂತ ಏನೂ ಕಮ್ಮಿ ಇಲ್ಲ.

ಪ್ರಶ್ನೆ: ಎಂಕೆ ಡಾನ್ಸ್ ಅಂದ್ರೆ ಹಳೇ ವಿಂಬಲ್ಡನ್ ಕ್ಲಬ್ಬೇ ಅಲ್ವಾ? ಎರಡು ವಿಂಬಲ್ಡನ್ ಎದುರುಬದುರಾಗಿದ್ದು ಇದೇ ವರ್ಷಾನಾ?

ಹೌದು, ಇದೇ ವರ್ಷ, 2012ರ ಡಿಸೆಂಬರ್ 2, ಎರಡನೇ ರೌಂಡು. 1988ರಲ್ಲಿ ಲಿವರ್‌ಪೂಲನ್ನ ಸೋಲಿಸಿ ಇದೇ ಎಫ್‌ಎ ಕಪ್ ಗೆದ್ದಿದ್ದ ವಿಂಬಲ್ಡನ್ ಕ್ಲಬ್ಬನ್ನ 2003ರಲ್ಲಿ ಲಂಡನ್ನಿಂದ ಎತ್ತಿಕೊಂಡು ಹೋಗಿ ಮಿಲ್ಟನ್ ಕೀನ್ಸಲ್ಲಿ ಇಟ್ಟರು, ಅದಕ್ಕೆ ಪರ್ಮಿಷನ್ ಸಿಕ್ಕ ಕೂಡಲೇ, ಅಂದ್ರೆ 2002ರಲ್ಲೇ, ಅಭಿಮಾನಿಗಳು ಸೇರಿ ಎಎಫ್‌ಸಿ ವಿಂಬಲ್ಡನ್ ಅಂತ ಹೊಸ ಕ್ಲಬ್ ಕಟ್ಟಿ ಒಂಬತ್ತನೇ ಮಟ್ಟದಿಂದ ಶುರು ಮಾಡಿ 2011ಕ್ಕೆ ಫುಟ್‌ಬಾಲ್ ಲೀಗಿಗೆ, ಅಂದ್ರೆ ಮೇಲಿನ ನಾಲ್ಕು ಡಿವಿಷನ್ನಿನೊಳಗೆ, ಬಂದುಬಿಟ್ರು. ಹತ್ತು ವರ್ಷ ಯಾರ ಹೆಸರು ಕೇಳಿದ್ರೂ ರಕ್ತ ಕುದೀತಿತ್ತೋ ಅವರನ್ನೇ ಆ ನಂಬರ್ ಚೆಂಡುಗಳು ಎದುರಿಗೆ ತಂದು ನಿಲ್ಲಿಸಿದ್ವು. 1-1 ಇತ್ತು, ರೀಪ್ಲೇ ಗ್ಯಾರಂಟಿ ಅನ್ನೋ ಹೊತ್ತಿಗೆ ಇಂಜುರಿ ಟೈಮಲ್ಲಿ ಒಟ್ಸೆಮೊಬೊರ್ ಹಿಮ್ಮಡಿಯಲ್ಲಿ ತಾಗಿಸಿದ ಚೆಂಡು ಒಳಗೆ ಹೋಗಿ ಎಂಕೆ ಡಾನ್ಸ್ 2-1 ಗೆಲ್ತು. ನನ್ನ ಮನಸ್ಸು ಅಭಿಮಾನಿಗಳ ಕ್ಲಬ್ ಕಡೆಗೇ, ಅದನ್ನ ಮುಚ್ಚಿಡಲ್ಲ.

ಪ್ರಶ್ನೆ: ಫೈನಲ್ ಗೋಲು ಯಾರದ್ದು? ಸಿಟಿ ಹತ್ತೇ ಜನ ಇದ್ದಿದ್ದಕ್ಕೆ ಸೋತರು ಅನ್ನೋದು ಸರೀನಾ?

ಗೋಲು ಬೆನ್ ವಾಟ್ಸನ್‌ದು. ಸಿಟಿಯ ಝಬಲೇಟಾ 84ನೇ ನಿಮಿಷದಲ್ಲಿ ಮ್ಯಾಕ್‌ಮನಮನ್‌ನ ಬೀಳಿಸಿ ಎರಡನೇ ಹಳದಿ ಕಾರ್ಡ್ ತಗೊಂಡು ಹೊರಗೆ ಹೋಗಿದ್ದು ನಿಜ. ಆದ್ರೆ ಅದಕ್ಕೆ ಮುಂಚಿನ 80 ನಿಮಿಷ ನೋಡಿದವರು ಯಾರೂ ಸಿಟಿ ಚೆನ್ನಾಗಿ ಆಡ್ತು ಅನ್ನಲ್ಲ. ಅಗುವೆರೊ, ಟೆವೆಝ್, ಸಿಲ್ವಾ, ಯಾಯಾ ಟೂರೆ ಎಲ್ಲ ಇದ್ದ ಟೀಮು, ಹಿಂದಿನ ವರ್ಷದ ಲೀಗ್ ಚಾಂಪಿಯನ್ನರು, ಆದ್ರೂ ಮ್ಯಾಕ್‌ಮನಮನ್ ಒಬ್ಬನೇ ರೆಕ್ಕೆ ಬಂದವನ ಹಾಗೆ ಬಲಗಡೆಯಿಂದ ಮತ್ತೆ ಮತ್ತೆ ನುಗ್ಗಿ ಅವರ ಡಿಫೆನ್ಸನ್ನ ಸುಸ್ತು ಮಾಡಿದ್ದ, ಮ್ಯಾನ್ ಆಫ್ ದ ಮ್ಯಾಚ್ ಅವನಿಗೇ ಸಿಕ್ಕಿದ್ದು. ರೆಡ್ ಕಾರ್ಡ್ ಬಂದಿದ್ದೂ ಅವನನ್ನ ಹಿಡಿಯೋಕಾಗದೆ ತಾನೆ.

ವಾಟ್ಸನ್ ಕಥೆ ಹೇಳ್ಲೇಬೇಕು. ಆ ಸೀಸನ್ ನವೆಂಬರಲ್ಲಿ ಲಿವರ್‌ಪೂಲ್ ವಿರುದ್ಧ ಕಾಲು ಮುರ್ಕೊಂಡು ತಿಂಗಳುಗಟ್ಟಲೆ ಮಲಗಿದ್ದ ಆಟಗಾರ. ಫೈನಲ್ಲಲ್ಲಿ 81ನೇ ನಿಮಿಷಕ್ಕೆ ಸಬ್ ಆಗಿ ಬಂದ, 90 ನಿಮಿಷ ಮುಗಿದು ಇಂಜುರಿ ಟೈಮ್ ಶುರುವಾದಾಗ ಮಲೋನಿ ಹಾಕಿದ ಕಾರ್ನರಿಗೆ ಹತ್ತಿರದ ಕಂಬದ ಕಡೆ ಓಡಿ ಬಂದು ತಲೆ ಕೊಟ್ಟ, ಜೋ ಹಾರ್ಟ್‌ಗೆ ಏನೂ ಮಾಡೋಕಾಗ್ಲಿಲ್ಲ. ವಿಗನ್ ಚೇರ್ಮನ್ ಡೇವ್ ವೀಲನ್ 1960ರ ಎಫ್‌ಎ ಕಪ್ ಫೈನಲ್ಲಲ್ಲಿ ಬ್ಲ್ಯಾಕ್‌ಬರ್ನ್ ಪರ ಆಡ್ತಾ ಇದೇ ವೆಂಬ್ಲಿಯ ಹಳೇ ಸ್ಟೇಡಿಯಮ್ಮಲ್ಲಿ ಕಾಲು ಮುರ್ಕೊಂಡವರು, ಆಗ ಸಬ್‌ಸ್ಟಿಟ್ಯೂಟ್ ಪದ್ಧತಿ ಇರ್ಲಿಲ್ಲ, ಹತ್ತೇ ಜನರ ಬ್ಲ್ಯಾಕ್‌ಬರ್ನ್ 3-0 ಸೋತಿತ್ತು. 53 ವರ್ಷ ಆದ್ಮೇಲೆ ಕಾಲು ಮುರಿದು ವಾಪಸ್ ಬಂದ ಒಬ್ಬ ಸಬ್ ಆಟಗಾರ, ಎದುರು ಟೀಮು ಹತ್ತೇ ಜನ ಇದ್ದಾಗ, ಅದೇ ವೀಲನ್ ಕ್ಲಬ್ಬಿಗೆ ಕಪ್ ಗೆಲ್ಲಿಸಿಕೊಟ್ಟ. ಎರಡು ದಿನಕ್ಕೆ ಸಿಟಿ ಮ್ಯಾನೇಜರ್ ಮಂಚಿನಿ ಕೆಲಸ ಹೋಯ್ತು.

ಪ್ರಶ್ನೆ: ಈಗ ರೀಪ್ಲೇ ಇಲ್ವಂತೆ?

2024-25ರಿಂದ ಮೊದಲನೇ ರೌಂಡಿಂದಾನೇ ತೆಗೆದುಹಾಕಿದಾರೆ, ಸಮ ಆದ್ರೆ ಅವತ್ತೇ ಎಕ್ಸ್‌ಟ್ರಾ ಟೈಮು, ಪೆನಾಲ್ಟಿ ಶೂಟೌಟು. ಮ್ಯಾಚು ಜಾಸ್ತಿ ಆಗಿ ಆಟಗಾರರು ಸುಸ್ತಾಗ್ತಾರೆ ಅನ್ನೋದು ಸುಳ್ಳಲ್ಲ, ಆದ್ರೆ ನನಗೆ ಇದು ತಪ್ಪು ತೀರ್ಮಾನ ಅಂತಲೇ ಅನ್ಸೋದು. ಬ್ರೆಂಟ್‌ಫರ್ಡ್‌ನಂಥ ಟೀಮು ಚೆಲ್ಸಿನ ಹಿಡಿದು ನಿಲ್ಲಿಸಿ, ರೀಪ್ಲೇಗೆ ಅವರ ದೊಡ್ಡ ಸ್ಟೇಡಿಯಮ್ಮಿಗೆ ಹೋಗಿ, ಗೇಟ್ ಕಲೆಕ್ಷನ್ನಲ್ಲಿ ಪಾಲು ತಗೊಂಡು ಬರೋದಿದ್ಯಲ್ಲ, ಸಣ್ಣ ಕ್ಲಬ್ಬಿಗೆ ಅದು ಇಡೀ ವರ್ಷದ ಆಸರೆ. ಬ್ರೆಂಟ್‌ಫರ್ಡ್ ಹಾಗೆ ಆ ರೀಪ್ಲೇಲಿ 4-0 ಸೋತ್ರೂ ಸರಿ.

ಪ್ರಶ್ನೆ: ನೀವು ವಿಗನ್ ಅಭಿಮಾನಿ ಆಗಿದ್ರೆ ಕಪ್ ಬೇಕು ಅಂತಿದ್ರಾ, ಪ್ರೀಮಿಯರ್ ಲೀಗಲ್ಲಿ ಉಳೀಬೇಕು ಅಂತಿದ್ರಾ?

ಕಪ್. ಯೋಚನೆ ಮಾಡೋಕೂ ಹೋಗಲ್ಲ. 1932ರಲ್ಲಿ ಹುಟ್ಟಿ 1978ರಲ್ಲಷ್ಟೇ ಫುಟ್‌ಬಾಲ್ ಲೀಗಿಗೆ ಬಂದ ಕ್ಲಬ್ಬು, 1995ರಲ್ಲಿ ವೀಲನ್ ಕೊಂಡಾಗ ನಾಲ್ಕನೇ ಡಿವಿಷನ್ನಲ್ಲಿತ್ತು, ಅದೇ ವರ್ಷ ಆಟಗಾರನಾಗಿ ಬಂದ ಮೂವರು ಸ್ಪೇನ್ ಹುಡುಗರಲ್ಲಿ ಮಾರ್ಟಿನೆಝ್ ಒಬ್ಬರು, ಊರೋ ರಗ್ಬಿ ಲೀಗ್ ಅನ್ನೋ ಬೇರೆ ಆಟದ ಊರು. ಅಂಥವರಿಗೆ ಲೀಗಲ್ಲಿ ಉಳಿಯೋಕಷ್ಟೇ ಸಾಕಾಗೋ 17ನೇ ಜಾಗ ಇನ್ನೊಂದು ವರ್ಷ ಸಿಕ್ಕಿದ್ರೆ ಏನು ನೆನಪಿರ್ತಿತ್ತು ಹೇಳಿ. ಕೆಳಗಿಳಿದ್ರೆ ಕ್ಲಬ್ಬಲ್ಲಿ ಕೆಲಸ ಮಾಡೋರಿಗೆ, ಆಟಗಾರರ ಸಂಬಳಕ್ಕೆ ಎಲ್ಲಾ ಪೆಟ್ಟು ಬೀಳುತ್ತೆ, ಅದನ್ನ ನಾನು ಹಗುರವಾಗಿ ತಗೊಳಲ್ಲ, 2020ರಲ್ಲಿ ಆ ಕ್ಲಬ್ಬು ಅಡ್ಮಿನಿಸ್ಟ್ರೇಷನ್‌ಗೆ (ದಿವಾಳಿ ತಡೆಯೋಕೆ ಹೊರಗಿನವರ ಕೈಗೆ ಕೊಡೋದು) ಹೋಗಿ 12 ಪಾಯಿಂಟ್ ಕಳ್ಕೊಂಡು ಮತ್ತೆ ಇಳಿದಾಗ ತುಂಬ ಸಂಕಟ ಆಗಿತ್ತು.

ಆದ್ರೆ ಆ ಕಪ್ಪಿಂದಲೇ ಅಲ್ವಾ ಎರಡನೇ ಡಿವಿಷನ್ನಲ್ಲಿ ಆಡ್ತಾನೇ, ಯುರೋಪಿನ ಬೇರೆ ಬೇರೆ ದೇಶದ ಕ್ಲಬ್ಬುಗಳು ಆಡೋ ಯುರೋಪಾ ಲೀಗಿಗೆ ಹೋಗಿ ರೂಬಿನ್ ಕಝಾನ್, ಮಾರಿಬೋರ್ ಜೊತೆ ಆಡಿದ್ದು. ಇನ್ನೊಂದು, 2014ರ ಮಾರ್ಚಲ್ಲಿ ಮತ್ತೆ ಎಫ್‌ಎ ಕಪ್ ಕ್ವಾರ್ಟರ್ ಫೈನಲ್ಲಲ್ಲಿ ಮ್ಯಾಂಚೆಸ್ಟರ್ ಸಿಟಿ ಸಿಕ್ಕಾಗ ಅವರ ಗ್ರೌಂಡಲ್ಲೇ 2-1 ಗೆದ್ರು, ಸೆಮಿಫೈನಲ್ಲಲ್ಲಿ ಆರ್ಸೆನಲ್ ಜೊತೆ ಪೆನಾಲ್ಟಿ ತನಕ ಹೋಗಿ ಸೋತ್ರು. 2018ರಲ್ಲಿ ಲೀಗ್ ಒನ್‌ನಲ್ಲಿದ್ದಾಗ ವಿಲ್ ಗ್ರಿಗ್ ಗೋಲಿಂದ ಸಿಟಿನ ಮೂರನೇ ಸಲ ಕಪ್ಪಿಂದ ಹೊರಗೆ ಹಾಕಿದ್ರು, ಅದೂ ಸಿಟಿ ಲೀಗಲ್ಲಿ 100 ಪಾಯಿಂಟ್ ಮಾಡಿದ ಸೀಸನ್ನಲ್ಲಿ.